ಚಿತ್ರದಲ್ಲಿದ್ದ ಸೀರೆ

ಮೊನ್ನೆ ಮಾಸಿದ ಪರದೆಗೆ ಬಣ್ಣ ಕೊಡೋಣವೆಂದು ಹಂಡೆಯಲ್ಲಿ ನೀರು ಕಾಯಿಸಿ ಪುಡಿ ಕದಡಿದೆ. ಆ ಹಬೆ ಮೂಗಿಗೆ ಬಡಿದದ್ದೇ ತಡ, ನಾನು ಕೊಳ್ಳೇಗಾಲದ ನಮ್ಮ ಹಳೆಯ ಬೀದಿಯಲ್ಲಿದ್ದೆ...

ಪಕ್ಕದ ಮನೆಯ ಮಾವ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದರು. ನೆಂಟರೇನಲ್ಲ, ಬಾಯಿಮಾತಿಗೆ ಮಾವ. ಅವರ ಹೆಂಡತಿ ನನಗೆ ಅತ್ತೆ. ಬೀದಿಯ ಮಗ್ಗಗಳಿಗೆಲ್ಲ ಬಣ್ಣದ ನೂಲು ಹೋಗುತ್ತಿದ್ದುದು ಅವರ ಹಿತ್ತಲಿನಿಂದಲೇ. ನೂಲಿನ ಒದ್ದೆ ಲಡಿಗಳು ಬಿದಿರ ಗಳುವಿನ ಮೇಲೆ ತೂಗುತ್ತಿದ್ದರೆ ನಾನು ಅವುಗಳ ನಡುವೆ ಕಣ್ಣು ಅರೆಮುಚ್ಚಿಕೊಂಡು ನಡೆಯುತ್ತಿದ್ದೆ. ಕೆಂಪು, ಹಳದಿ, ನೇರಳೆ ಎಲ್ಲ ಒಂದರೊಳಗೊಂದು ಕಲೆಸಿಹೋಗುತ್ತಿದ್ದವು. ಅತ್ತೆ ಮಾತ್ರ ಸದಾ ಕಲೆ ಹತ್ತಿದ ನೂಲಿನ ಸೀರೆಯಲ್ಲೇ ಇರುತ್ತಿದ್ದರು.

ಕೊಳ್ಳೇಗಾಲ ಮದರಾಸಿಗೆ ಸೇರಿದ್ದ ಕಾಲ. ಅಲ್ಲಿಂದ ಬರುತ್ತಿದ್ದ ಪತ್ರಿಕೆಯೊಂದರಲ್ಲಿ ಜಾಹೀರಾತು ಬಂತು: ಹೊಸ ನಮೂನೆಯ ರೇಷ್ಮೆ ಸೀರೆ, ಅಂಚೆಯಲ್ಲಿ ಮನೆ ಬಾಗಿಲಿಗೆ. ಚಿತ್ರದ ಹೆಂಗಸು ಸೆರಗನ್ನು ಗಾಳಿಗೆ ಬಿಟ್ಟು ನಿಂತಿದ್ದಳು. ಯಳಂದೂರಿನ ತವರಿನಲ್ಲಿ ತಮ್ಮನ ಮದುವೆಗೆ ಅದನ್ನೇ ಉಡಬೇಕೆಂದು ಅತ್ತೆಗೆ ಆಸೆಯಾಯಿತು. ಎಂದೂ ಏನನ್ನೂ ಕೇಳಿದವರಲ್ಲ. ಮಾವ ಅಂದೇ ಕಾಗದ ಬರೆಸಿದರು.

ಚಿತ್ರವೋ ಕಪ್ಪು ಬಿಳುಪು. ಸೀರೆಯ ಬಣ್ಣ ಯಾವುದೆಂದು ಎಲ್ಲೂ ಬರೆದಿರಲಿಲ್ಲ. ಬೀದಿಯವರು ತಲೆಗೊಂದು ಹೇಳಿದರು. ನಾನು ಗಿಣಿಹಸಿರು ಎಂದೆ. ಮಾವ ಹಾಳೆಯನ್ನು ಬಿಸಿಲಿಗೆ ಹಿಡಿದು, "ನವಿಲು ಬಣ್ಣ ಕಣಮ್ಮಿ. ಬ್ಯಾರೆ ಬಣ್ಣಕ್ಕೆ ಇಂಥಾ ನೆರಳು ಬೀಳಾಕಿಲ್ಲ," ಎಂದು ಅತ್ತೆಗೆ ತೀರ್ಪು ಕೊಟ್ಟುಬಿಟ್ಟರು. ಬಣ್ಣದ ವಿಷಯದಲ್ಲಿ ಅವರಿಗೆ ಎದುರಾಡುವವರು ಯಾರು? ಅತ್ತೆ ಸುಮ್ಮನೆ ನಕ್ಕರು.

ಮದುವೆಗೆ ಎರಡು ದಿನವಿರುವಾಗ ಪಾರ್ಸೆಲ್ ಬಂತು. ಬಿಚ್ಚಿದರೆ ಬೂದು... ಪತ್ರಿಕೆಯಲ್ಲಿ ಅಚ್ಚಾದಷ್ಟೇ ಬೂದು. ಚಿತ್ರಕ್ಕೂ ಸೀರೆಗೂ ಹೊಂದಿದ್ದು ಅದೊಂದೇ. ಮಾವ ಅಂಚಿನ ಎಳೆಯೊಂದನ್ನು ಕಿತ್ತು ಕೆಂಡಕ್ಕೆ ಹಿಡಿದರು. ರೇಷ್ಮೆ ಸುಟ್ಟರೆ ಬರುವ ಕೂದಲು ಸುಟ್ಟಂಥ ವಾಸನೆ ಬರಲಿಲ್ಲ. ಕಾಗದದ ಹಾಗೆ ಉರಿದುಹೋಯಿತು. ಅದು ರೇಷ್ಮೆಯೇ ಅಲ್ಲ.

"ತತ್ತಾ ಇಲ್ಲಿ, ನಾನ್ ಕೊಡ್ತೀನಿ ಬಣ್ಣವ," ಎಂದು ಹಂಡೆ ಇಟ್ಟರು. ಮೂರು ಸಲ ನವಿಲು ಬಣ್ಣ ಹಾಕಿದರು. ರೇಷ್ಮೆಗೆ ಹಿಡಿಯುವ ಬಣ್ಣ ಅದಕ್ಕೆ ಹಿಡಿಯಲಿಲ್ಲ, ಮೂರು ಸಲವೂ ಜಾಲಿಸಿದ ನೀರಿನ ಜೊತೆ ಬಣ್ಣ ಬಚ್ಚಲಿಗೆ ಹರಿದುಹೋಯಿತು. ಮಾವ ಹಂಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟರು. ಅವರ ಮುಖ ನೋಡಿ ನನಗೆ ಅಳು ಬಂತು.

"ಓಗ್ಲಿ ಬುಡಿ, ಮೈ ಮುಚ್ತದಲ್ಲ," ಎಂದು ಅತ್ತೆ ಸೀರೆಯನ್ನು ಹಿಂಡಿ ಒಣಹಾಕಿದರು. ಅದನ್ನೇ ಉಟ್ಟು ತಮ್ಮನ ಮದುವೆಗೆ ಹೋಗಿಬಂದರು.

ಆಮೇಲೊಂದು ಮಧ್ಯಾಹ್ನ, ನನಗೆ ಜಡೆ ಹಾಕುತ್ತಾ, ತಮಗೆ ತಾವೇ ಹೇಳಿಕೊಂಡಂತೆ ಅಂದರು: "ನಾನ್ ಕಂಡಿದ್ದು ನವಿಲು ಬಣ್ಣ ಅಲ್ಲ ಕಣವ್ವ."

ಗೆಳತಿಯರು ಬೀದಿಯಿಂದ ಕೂಗುತ್ತಿದ್ದರು. ಜಡೆ ಮುಗಿದದ್ದೇ ಎದ್ದು ಓಡಿದೆ.

ಮಾವ ಹೋದರು, ಅತ್ತೆಯೂ ಹೋಗಿ ಎಷ್ಟೋ ವರ್ಷವಾಯಿತು. ಆ ಹಿತ್ತಲಲ್ಲಿ ಈಗ ಯಾರದೋ ಮನೆ ಎದ್ದಿದೆ. ಬೀದಿಗೆ ಬೀದಿಯೇ ತನ್ನ ತನ್ನ ಬಣ್ಣ ಹೇಳಿತ್ತು, ಆದರೆ ನಿನಗೆ ಯಾವ ಬಣ್ಣ ಕಂಡಿತು ಎಂದು ಅತ್ತೆಯನ್ನು ಒಬ್ಬರೂ ಕೇಳಲಿಲ್ಲ. ಅವರಾಗಿಯೇ ಬಾಯಿಬಿಟ್ಟ ದಿನ ನಾನೂ ಕೇಳಲಿಲ್ಲ.