ಚಿಕ್ಕಮ್ಮನ ಎಂಜಲು

ನಮ್ಮಕ್ಕನ ಗಂಡ ಫೋಟೋಗಳಿಗೆ ಕಟ್ಟು ಹಾಕುವವರು. ಬೀದಿಯವರ ಅಜ್ಜ, ಮುತ್ತಜ್ಜಂದಿರನ್ನೆಲ್ಲ ಗಾಜಿನ ಹಿಂದೆ ಕೂರಿಸಿದ ಈ ಭಾವನಿಗೆ ತಮ್ಮವರು ಅಂತ ಉಳಿದಿದ್ದು ತಾಯಿಯ ತಂಗಿ ಒಬ್ಬರೇ. ತಂದೆ ಅನಾಥ, ತಾಯಿ ಎಂದೋ ಹೋಗಿದ್ದರು. ಚಿಕ್ಕಮ್ಮನ ಒಬ್ಬನೇ ಮಗನೂ ಮಕ್ಕಳಿಲ್ಲದೆ ತೀರಿಕೊಂಡಿದ್ದ. ಅವರನ್ನು ನೋಡಿಕೊಳ್ಳುತ್ತಿದ್ದವಳು ಸೊಸೆ.

ಚಿಕ್ಕಂದಿನಲ್ಲಿ ಯಾರೋ ಬಾಯಿಬಡುಕರು ಭಾವನಿಗೆ, "ನಿನ್ನನ್ನ ಆಸ್ಪತ್ರೆಯಿಂದ ಎತ್ಕೊಂಡು ಬಂದಿದ್ದು" ಅಂದಿದ್ದರಂತೆ. ತಾಯಿಯನ್ನು ಕೇಳುವ ಧೈರ್ಯ ಬರಲೇ ಇಲ್ಲ. ಕೊನೆಗೆ ವಂಶವೃಕ್ಷ ಬರೆಸುವ ನೆಪ ಹೇಳಿ ಡಿಎನ್‌ಎ ಪರೀಕ್ಷೆಯ ಎರಡು ಟ್ಯೂಬು ತರಿಸಿದರು. ಚಿಕ್ಕಮ್ಮನ ಎಂಜಲು ತಮ್ಮದಕ್ಕೆ ತಾಳೆಯಾದರೆ ತಾವು ಆ ತಾಯಿ ಹೆತ್ತ ಮಗನೇ. ಒಂದನ್ನು ತಾವು ತುಂಬಿಸಿ, ಇನ್ನೊಂದನ್ನು ಸೊಸೆಯ ಕೈಗೆ ಕೊಟ್ಟು ಅಂಗಡಿಗೆ ಹೋದರು. ಸಂಜೆ ಟ್ಯೂಬು ತುಂಬಿತ್ತು, ಕಳಿಸಿದರು.

ಯಾವ ರಕ್ತಸಂಬಂಧವೂ ಇಲ್ಲ ಎಂದು ಫಲಿತಾಂಶ ಬಂತು.

ಭಾವ ಕುಸಿದುಹೋದರು. ಚಿಕ್ಕಮ್ಮನ ಮನೆಯ ಕಡೆ ತಲೆ ಹಾಕಲಿಲ್ಲ. ಅವರ ಫೋನ್ ಬಂದರೆ, ಇಲ್ಲ ಅನ್ನು ಅಂತ ಅಕ್ಕನಿಗೆ ಕಣ್ಸನ್ನೆ.

"ಇಷ್ಟು ವರ್ಷ ಮಗಾ ಅಂತ ಕರೆದೋರು, ಒಂದು ಮೆಷೀನ್ ಹೇಳಿದ ತಕ್ಷಣ ಬೇರೆಯೋರಾದ್ರಾ?" ಎಂದು ನಾನು ರೇಗಿದೆ.

"ಯಾವ ಮುಖ ಇಟ್ಕೊಂಡು ಹೋಗ್ಲೋ? ಅಲ್ಲಿ ನಂಗೇನು ಹಕ್ಕಿದೆ?" ಎಂದರು. ಹಿಡಿದು ಅಲ್ಲಾಡಿಸಿಬಿಡಬೇಕು ಅನ್ನಿಸುವಷ್ಟು ಸಿಟ್ಟು ಬಂತು ನನಗೆ.

ಚಿಕ್ಕಮ್ಮ ಕಾದು ಕಾದು ಹೋಗಿಬಿಟ್ಟರು.

ನಾನೂ ಭಾವನೂ ದಹನ ಮುಗಿಸಿ ಚಿಕ್ಕಮ್ಮನ ಮನೆಗೆ ಬಂದಾಗ ಸೊಸೆ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತಿದ್ದಳು. "ಯಾಕೆ ಭಾವ, ನೀವು ಬರ್ಲೇ ಇಲ್ಲ? ಬಾಗಿಲು ಸದ್ದಾದ್ರೆ ಸಾಕು, ನೀವೇ ಬಂದ್ರಿ ಅಂತಿದ್ರು ಅತ್ತೆ" ಎಂದು ಅತ್ತಳು. ಭಾವ ತಡೆಯಲಾರದೆ ಪರೀಕ್ಷೆಯ ಸಂಗತಿ ಬಾಯಿಬಿಟ್ಟರು.

ಅವಳು ಕಣ್ಣೊರೆಸಿಕೊಂಡಳು. "ಆ ಟ್ಯೂಬಾ? ಮಾತ್ರೆ ತಗೊಂಡು ತಗೊಂಡು ಅತ್ತೆ ಬಾಯಿ ಒಣಗಿಹೋಗಿತ್ತು ಭಾವ. ಒಂದು ಹನೀನೂ ಬರ್ಲಿಲ್ಲ. ನೀವು ಬರಿಗೈಲಿ ಹೋಗ್ಬಾರ್ದು ಅಂತ ನಾನೇ ತುಂಬಿಸ್ದೆ. ಒಂದೇ ಮನೆಯೋರಲ್ವಾ, ಯಾರದಾದ್ರೇನು ಅಂತ..."

ಭಾವ ಅವಳೆದುರೇ ನೆಲದ ಮೇಲೆ ಕುಳಿತರು. ಬೈಯೋಣವೆಂದರೆ ಯಾರನ್ನು ಬೈಯುವುದು? ಒಳಗೆ ಚಿಕ್ಕಮ್ಮನ ಬಾಚಣಿಗೆ ಇತ್ತು, ಹಲ್ಲಿನ ಸೆಟ್ಟು ಇತ್ತು. ಅದರಲ್ಲೇ ಇನ್ನೊಮ್ಮೆ ಪರೀಕ್ಷೆ ಮಾಡಿಸಿದರಾಯಿತು ಎಂದೆ.

"ಬೇಡ ಕಣೋ," ಎಂದರು ಭಾವ. "ಈಗ ಹೌದು ಅಂತ ಬಂದ್ರೆ ನಾನು ಬದುಕೋದು ಹೇಗೆ?"