ಸತ್ತಿತೆಂದು ಬರೆದ ಹುಲ್ಲಿಗೆ ಮಾಲವ್ವನ ಸಾಕ್ಷಿ

ಬೆಳಗಿನ ಆರು ಗಂಟೆ. ಹಳಿಯಾಳ ತಾಲ್ಲೂಕಿನ ತೇರಗಾಂವದ ಆಚೆಯ ಹುಲ್ಲುಗಾವಲಿನಲ್ಲಿ ಮಾಲವ್ವ ಮೊಣಕಾಲೂರಿ ಕೂತಿದ್ದಾರೆ. ಮುಂದೆ ಹಗ್ಗ ಕಟ್ಟಿ ಗುರುತಿಸಿದ ಒಂದು ಮೀಟರ್ ಚೌಕ. ಇಬ್ಬನಿಗೆ ತೊಯ್ದ ಬೆರಳುಗಳಿಂದ ಹುಲ್ಲಿನ ಒಂದೊಂದೇ ಬುಡ ಸರಿಸಿ, "ಹದಿಮೂರು... ಹದಿನಾಕು..." ಎಂದು ಎಣಿಸುತ್ತಾರೆ. ಇಂಥ ಇಪ್ಪತ್ನಾಲ್ಕು ಚೌಕಗಳು ಬಿಸಿಲೇರುವ ಮುನ್ನ ಮುಗಿಯಬೇಕು.

ಮಣ್ಣು ಅಗೆದು ಬೋಳಾಗಿದ್ದ ಈ ನೆಲದಲ್ಲಿ ಎಂಟು ವರ್ಷಗಳಿಂದ ಹುಲ್ಲು ಮರಳಿ ಬೆಳೆಯುತ್ತಿದೆ. ಭೂಮಿ ಇನ್ನಷ್ಟು ಬಿಸಿಯಾದರೆ ಇದರಲ್ಲಿ ಯಾವುದು ಉಳಿದೀತು? ತಿಳಿಯಲೆಂದು ಸಂಶೋಧಕಿ ನಿರ್ಮಲಾ ಹನ್ನೆರಡು ಚೌಕಗಳ ಸುತ್ತ ಪಾರದರ್ಶಕ ಪ್ಲಾಸ್ಟಿಕ್ ಗೋಡೆ ನಿಲ್ಲಿಸಿದ್ದಾರೆ. ಒಳಗೆ ಎರಡು ಡಿಗ್ರಿ ಹೆಚ್ಚು ಸೆಕೆ.

ಐವತ್ತೆರಡರ ಮಾಲವ್ವ ಮೊದಲು ಹುಲ್ಲಿನ ಹೊರೆ ಹೊತ್ತು ಹಳಿಯಾಳದ ಎಮ್ಮೆ ಸಾಕುವವರಿಗೆ ಮಾರುತ್ತಿದ್ದವರು. ಕುತ್ತಿಗೆ ನೋವು ಹೊರೆ ಬಿಡಿಸಿದಾಗ ಈ ಕೆಲಸ ಸಿಕ್ಕಿತು. "ಓದಾಕ ಬರೂದಿಲ್ರಿ. ಹುಲ್ಲ ಮುಟ್ಟಿದ್ರ ಮಾತ್ರ ಯಾವ್ದಂತ ಗೊತ್ತಾಕ್ಕೈತಿ" ಎನ್ನುತ್ತಾರೆ.

ಕಳೆದ ಮೇ ತಿಂಗಳಲ್ಲಿ ಬಿಸಿ ಚೌಕಗಳ ಹಳೆಯ ಬುಡಗಳೆಲ್ಲ ಕರಕಲಾದವು. ತೊಂಬತ್ತಾರು ಬುಡಗಳ ಮುಂದೆ 'ಸತ್ತಿದೆ' ಎಂದು ಬರೆದಾಯಿತು. ಕಿತ್ತು ಹೊಸ ಬೀಜ ಬಿತ್ತುವುದೆಂದು ತಂಡ ನಿರ್ಧರಿಸಿತು. ಗುದ್ದಲಿ ಬಂದ ದಿನ ಮಾಲವ್ವ ಅಡ್ಡ ನಿಂತರು. ಕುಡುಗೋಲಿನಿಂದ ಒಂದು ಬುಡ ಸೀಳಿ, ಒಳಗಿನ ಬೆಳ್ಳನೆ ತಿರುಳನ್ನು ನಿರ್ಮಲಾಗೆ ತೋರಿಸಿದರು.

"ಇದು ಸತ್ತಿಲ್ರಿ ಬಾಯಾರ. ಮಳಿ ಆಗ್ಲಿ, ಆಮ್ಯಾಲ ನೋಡ್ರಿ."

"ಚಿಗುರದಿದ್ರೆ ಬಿತ್ತನೆಯ ಕಾಲ ತಪ್ಪಿ, ಒಂದು ವರ್ಷವೇ ಹೋಗ್ತದಲ್ಲ ಮಾಲವ್ವ?"

"ಹೋದ್ರ ನಂದ ತಪ್ಪು ಅಂತ ಬರೀರಿ."

ನಿರ್ಮಲಾ ಗುದ್ದಲಿ ವಾಪಸ್ ಕಳಿಸಿದರು. ಜೂನಿನಲ್ಲಿ ಮಳೆ ಬಿತ್ತು. ಒಂದೇ ವರ್ಷ ಬಾಳುವ ಊಬಿನ ಹುಲ್ಲು ನಾಲ್ಕೇ ದಿನಕ್ಕೆ ಹಸಿರಾಯಿತು. ಹಳೆಯ ಬುಡಗಳು ಮಿಸುಕಲಿಲ್ಲ. ಎಂಟು ದಿನ ಮಾಲವ್ವನಿಗೆ ಊಟ ಸೇರಲಿಲ್ಲ. ಒಂಬತ್ತನೆಯ ಬೆಳಗ್ಗೆ ಕರಿ ಬುಡವೊಂದರ ನಡುವೆ ಸೂಜಿಮೊನೆಯಷ್ಟು ಹಸಿರು ಕಂಡಿತು. "ಬಾಯಾರ, ಓಡಿ ಬರ್ರಿ!" ಎಂದು ಅವರು ಕೂಗಿದ ಕೂಗು ರಸ್ತೆಯವರೆಗೂ ಕೇಳಿಸಿತಂತೆ.

ತಿಂಗಳಾಗುವಷ್ಟರಲ್ಲಿ ತೊಂಬತ್ತಾರರಲ್ಲಿ ಎಪ್ಪತ್ತೊಂದು ಬುಡಗಳು ಚಿಗುರಿದವು. ಎಲ್ಲವೂ ಉಳಿಯಲಿಲ್ಲ, ಎರಡು ಬಗೆಯ ಕಾಡು ಹುರುಳಿ ಬಿಸಿ ಚೌಕಗಳಿಂದ ಮಾಯವಾಗಿವೆ. ಆದರೂ ಬೇರೂರಿದ ಹುಲ್ಲು ಸೆಕೆ ತಾಳೀತೆಂಬುದಕ್ಕೆ ಕಣ್ಣೆದುರೇ ಸಾಕ್ಷಿ ಸಿಕ್ಕಿದೆ. ಮಳೆ ಬಿದ್ದು ತಿಂಗಳಾಗುವ ತನಕ ಯಾವ ಬುಡವನ್ನೂ 'ಸತ್ತಿದೆ' ಎಂದು ಬರೆಯುವಂತಿಲ್ಲ ಎಂಬುದು ಈಗ ತಂಡದ ನಿಯಮ. ಮುಂಡಗೋಡದ ಹೊಸ ತಾಕಿನ ಕೆಲಸಗಾರರಿಗೆ ಅದನ್ನು ಕಲಿಸಲು ವಾರಕ್ಕೊಮ್ಮೆ ಬಸ್ಸು ಹತ್ತುವವರು ಮಾಲವ್ವನೇ.

ನಿಮಗೇನು ಬೇಕು ಎಂದರೆ ಅವರು ಬೇಲಿಯಾಚೆಗೆ ಕೈ ತೋರುತ್ತಾರೆ.

"ಅಲ್ಲಿ ಇನ್ನೂ ಎರಡ ಎಕರೆ ಬೋಳ ಬಿದ್ದೈತಿ. ಹುಲ್ಲ ಬೆಳಸಾಕ ಅದನ್ನೂ ನನ್ನ ಕೈಯಾಗ ಕೊಡ್ರಿ ಅಂತ ಕೇಳೇನ್ರಿ."