ಇನ್‌ಫ್ರಾರೆಡ್ಡಿನಲ್ಲಿ ಬಂದ ಹಸೆಹಾಡು

ಮೊನ್ನೆ ಡ್ರಾಯರ್ ಎಳೆದಾಗ ನುಸಿಗುಳಿಗೆಯ ವಾಸನೆಯ ಜೊತೆಗೆ ಕಪ್ಪು ಗಾಜಿನ ಮೂತಿಯ ಒಂದು ಸಾಮಾನು ಕೈಗೆ ಬಂತು. ಯುಎಸ್‌ಬಿ ಇನ್‌ಫ್ರಾರೆಡ್ ಅಡಾಪ್ಟರ್. ನಿಮಗೆ ನೆನಪಿದೆಯೋ ಇಲ್ಲವೋ, ಒಂದು ಕಾಲದ ಮೊಬೈಲುಗಳು ಟಿವಿ ರಿಮೋಟಿನ ಹಾಗೆ ಕಣ್ಣಿಗೆ ಕಾಣದ ಬೆಳಕಿನಲ್ಲಿ ಮಾತಾಡಿಕೊಳ್ಳುತ್ತಿದ್ದವು. ಎದುರುಬದುರು ಕೂರಿಸಬೇಕು; ನಡುವೆ ಕೈ ಅಡ್ಡ ಬಂದರೆ ಮಾತು ನಿಂತೇ ಹೋಯಿತು.

ಆಗ ನಾನು ಕೊಪ್ಪದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದೆ. ಬಂದವರಿಗೆಲ್ಲ ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸಿನ ಉಪದೇಶ ಮಾಡುವ ಚಟ. ಅವರು ತಾಳ್ಮೆಯಿಂದ ಕೇಳಿ, ಜೆರಾಕ್ಸ್ ಮಾಡಿಸಿಕೊಂಡು ಹೋಗುತ್ತಿದ್ದರು. ಸಿಕ್ಕಿದ ಏಕೈಕ ಶಿಷ್ಯರೆಂದರೆ ಹಿರೇಕೊಡಿಗೆಯ ಮಾವ, ನನ್ನ ಸೋದರತ್ತೆಯ ಗಂಡ. ಅವರೂ ದಾಕ್ಷಿಣ್ಯಕ್ಕೆ ಹಾಕಿಸಿಕೊಂಡವರು.

ನಮ್ಮ ಕಡೆ ಮದುಮಗಳನ್ನು ಹಸೆಮಣೆಗೆ ಹಾಡಿನಲ್ಲೇ ಕರೆಯಬೇಕು. ಬಳಗದಲ್ಲಿ ಯಾರ ಮದುವೆಯಾದರೂ ಕರೆಯುತ್ತಿದ್ದವಳು ಅತ್ತೆ. ಅವಳ ಮಗಳಿಗೇ ಮದುವೆ ಗೊತ್ತಾದ ವರ್ಷ ಗಂಟಲಿನ ಆಪರೇಷನ್ ಆಗಿ ಸ್ವರ ಹೋಯಿತು. ಹಿಂದೆ ಸೀತೂರಿನ ಮದುವೆಯೊಂದರಲ್ಲಿ ಮಾವ ಅವಳ ಹಾಡನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದರು. ಆದರೆ ಆ ಮೊಬೈಲಿನ ಪರದೆ, ಸ್ಪೀಕರ್ ಎರಡೂ ಕೆಟ್ಟಿದ್ದವು, ಕೇಬಲ್ ಎಲ್ಲೂ ಸಿಗಲಿಲ್ಲ. ಉಳಿದದ್ದು ಇನ್‌ಫ್ರಾರೆಡ್ ಒಂದೇ.

"ಮಗಳನ್ನ ನಾನೇ ಕರೀಬೇಕು ಮಾಣಿ," ಎಂದು ಅತ್ತೆ ಪಿಸುಗುಟ್ಟಿದಳು. ಮಾಡಿಕೊಡುತ್ತೇನೆ ಎಂದುಬಿಟ್ಟೆ.

ಶಿವಮೊಗ್ಗದಿಂದ ತರಿಸಿದ ಅಡಾಪ್ಟರಿನ ಡಬ್ಬಿಯಲ್ಲಿ ವಿವರವೆಂದು ಇದ್ದದ್ದು ಚೀನೀ ಲಿಪಿಯ ಒಂದು ಚೀಟಿ. ಮಾವನ ಲಿನಕ್ಸ್ ಕಂಪ್ಯೂಟರಿಗೂ ಅಡಾಪ್ಟರಿಗೂ ನಡುವೆ ದುಭಾಷಿಯಾಗಬೇಕಾದ ಡ್ರೈವರನ್ನು ಯಾರೋ ಪುಣ್ಯಾತ್ಮ ಊಹೆಯ ಮೇಲೆ ಬರೆದು ಅರ್ಧಕ್ಕೆ ಕೈಬಿಟ್ಟಿದ್ದ. ಮಾವನ ಜಗಲಿಯಲ್ಲಿ ಕೂತು ಅದನ್ನು ತಿದ್ದತೊಡಗಿದೆ. ಬೆಳಿಗ್ಗೆ ಚುಚ್ಚಿದಾಗ ಅಡಾಪ್ಟರ್ ಒಮ್ಮೆ ಫೋನನ್ನು ಗುರುತಿಸುವುದು, ಆಮೇಲೆ ಇಡೀ ದಿನ ಮೌನ. ಮದುವೆ ಹತ್ತಿರ ಬರುತ್ತಿತ್ತು. ಅತ್ತೆ ಏನೂ ಕೇಳದೆ ಕಾಫಿ ತಂದಿಡುತ್ತಿದ್ದಳು. ಕೇಳಿದ್ದರೇ ವಾಸಿಯಿತ್ತು.

ಒಂದು ಮಧ್ಯಾಹ್ನ ದೂರದಲ್ಲಿ ಗುಡುಗಿತು. ಗುಡುಗಿದರೆ ನಮ್ಮಲ್ಲಿ ಮೊದಲ ಕೆಲಸ ಮನೆಯ ವೈರುಗಳನ್ನೆಲ್ಲ ಕೀಳುವುದು. ಮಾವ ಓಡಿಬಂದು ಪ್ಲಗ್ಗಿನ ಜೊತೆ ಅಡಾಪ್ಟರನ್ನೂ ಕಿತ್ತರು.

"ಅದಕ್ಕೂ ಸಿಡಿಲಿಗೂ ಎಂತ ಸಂಬಂಧ ಮಾವ?"

"ವೈರ್ ಅಂದ್ರೆ ವೈರೇ ಮಾರಾಯ. ಸುಟ್ಟುಹೋದ್ರೆ ಎಂತ ಮಾಡದು?"

ಗುಡುಗು ನಿಂತ ಮೇಲೆ ಚುಚ್ಚಿದರೆ ಅಡಾಪ್ಟರಿಗೆ ಮತ್ತೆ ಜೀವ ಬಂದಿತ್ತು, ಕ್ಷಣದಲ್ಲೇ ಹೋಯಿತು. ಆಗ ಹೊಳೆಯಿತು. ಕಿತ್ತು ಚುಚ್ಚಿದಾಗಲೆಲ್ಲ ಅದು ನಿಧಾನವಾಗಿ ಮಾತು ಶುರುಮಾಡುತ್ತದೆ. ಕೂಡಲೇ ಡ್ರೈವರ್ ವೇಗ ಏರಿಸಲು ಏನೋ ತಪ್ಪು ಆಜ್ಞೆ ಕೊಟ್ಟು ಅದರ ಬಾಯಿ ಕಟ್ಟಿಸುತ್ತದೆ. ವೇಗ ಏರಿಸುವ ಸಾಲುಗಳನ್ನೇ ತೆಗೆದುಹಾಕಿದೆ. ನಿನಗೆ ಬಂದಷ್ಟೇ ಮಾತಾಡಪ್ಪಾ ಎಂದ ಹಾಗೆ. ನಡುವೆ ನೊಣ ಹಾರದಿರಲೆಂದು ಮಾವ ಬೀಸಣಿಗೆ ಹಿಡಿದು ಕೂತರು. ಹಾಡು ತೆವಳುತ್ತ, ಅಂತೂ ಪೂರ್ತಿ ಬಂತು.

"ಇಷ್ಟು ಅವಸರದಲ್ಲಿ ಹಾಡ್ತಿದ್ನ ನಾನು?" ಎಂದು ಅತ್ತೆ ನಕ್ಕಳು, ಆಮೇಲೆ ಅತ್ತಳು. ಹಾಡು ಮುಗಿದ ಮೇಲೆ ಮಾವನ ಸ್ವರವೂ ಇತ್ತು: "ಆಯ್ತನೆ? ಈಗ ಯಾವ್ದು ಒತ್ತದು ಇದ್ರಲ್ಲಿ?" ಮದುವೆಮನೆಗೆಂದು ಅಷ್ಟನ್ನು ಕತ್ತರಿಸಿದೆ, ಪೂರ್ತಿಯದು ನನ್ನಲ್ಲಿ ಉಳಿಯಿತು. ಮಗಳು ಅಮ್ಮನ ಹಾಡಿಗೇ ಎದ್ದು ಹಸೆಗೆ ಬಂದಳು.

ಮಾವ ಈಗಿಲ್ಲ. ಹೊಸ ಲಿನಕ್ಸಿನಿಂದ ಇನ್‌ಫ್ರಾರೆಡ್ಡಿನ ಭಾಗವನ್ನೇ ತೆಗೆದಿದ್ದಾರೆ. ಅಡಾಪ್ಟರನ್ನು ಗುಜರಿಗೆ ತೆಗೆದಿಟ್ಟು, ಆ ನೆನಪಿನಲ್ಲೇ ನಿನ್ನೆ ನರಸಿಂಹರಾಜಪುರಕ್ಕೆ ಹೋದೆ. ಅತ್ತೆ ಅಲ್ಲಿ ಮಗಳ ಮನೆಯಲ್ಲಿದ್ದಾಳೆ. ನನ್ನ ಫೋನಿನಲ್ಲಿ ಹಾಡು ಹಾಕಿದೆ. ಅರ್ಧಕ್ಕೇ ಕೈ ಅಡ್ಡ ಹಿಡಿದಳು.

"ಹಾಡು ಸಾಕು ಮಾಣಿ. ಕೊನೇದು ಹಾಕು."

ಹಾಕಿದೆ. "ಆಯ್ತನೆ? ಈಗ ಯಾವ್ದು ಒತ್ತದು ಇದ್ರಲ್ಲಿ?" ಎಂದರು ಮಾವ.

"ಎಂತದೂ ಒತ್ಬೇಡಿ," ಎಂದಳು ಅತ್ತೆ, ಒಡಕು ದನಿಯಲ್ಲಿ. "ಹಾಗೇ ಇರ್ಲಿ."

ಅಡಾಪ್ಟರ್ ಮತ್ತೆ ಡ್ರಾಯರಿನಲ್ಲಿದೆ.